ರೂಪಾಯಿಯೋ ಸೆಲ್ಲೋ: ಮಕ್ಕಳು ನುಂಗಿದ ವಸ್ತುಗಳ ಬಗ್ಗೆ ನನ್ನ ಅನುಭವ

ಆ ರಾತ್ರಿ ನಾನು ಎಕ್ಸ್‌ರೇ ಫಿಲ್ಮನ್ನು ಕೈಯಲ್ಲಿ ಎತ್ತಿ, ಗೋಡೆಯ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಒಂದು ವರ್ಷ ನಾಲ್ಕು ತಿಂಗಳ ಗಂಡುಕೂಸು. ಎರಡು ಕೊರಳೆಲುಬುಗಳ ನಡುವೆ ಬೆಳ್ಳಗೆ, ದುಂಡಗೆ ಒಂದು ಬಿಲ್ಲೆ ಕಾಣುತ್ತಿತ್ತು. "ರೂಪಾಯಿ ಇರಬೇಕ್ರಿ ಸರ, ಇವರಪ್ಪನ ಅಂಗಿ ಕಿಸೆದಾಗ ಚಿಲ್ಲರೆ ಇದ್ವು" ಎಂದಳು ತಾಯಿ. ಕೂಸು ಅಳುತ್ತಿರಲಿಲ್ಲ. ಉಸಿರಾಟ ಸಲೀಸಾಗಿತ್ತು. ಜೊಲ್ಲು ಮಾತ್ರ ಸುರಿಯುತ್ತಿತ್ತು. ಹಲ್ಲು ಬರುವ ವಯಸ್ಸಿನಲ್ಲಿ ಜೊಲ್ಲು ಇದ್ದದ್ದೇ ಎಂದುಕೊಂಡೆ. ರಾತ್ರಿ 11 ಗಂಟೆ ಆಗಿತ್ತು. ನಾಣ್ಯ ಎಷ್ಟೋ ಸಲ ತಾನಾಗಿ ಹೊಟ್ಟೆಗೆ ಇಳಿಯುತ್ತದೆ, ಮುಂಜಾನೆ ಇನ್ನೊಂದು ಎಕ್ಸ್‌ರೇ ತೆಗೆಯೋಣ, ಇಳಿಯದಿದ್ದರೆ ವಿಜಯಪುರಕ್ಕೆ ಹೋಗಿ ತೆಗೆಸಿದರಾಯಿತು ಎಂದು ಹೇಳಿ ಮನೆಗೆ ಕಳಿಸಿದೆ.

ಅದು ನಾಣ್ಯವಾಗಿರಲಿಲ್ಲ. ತೆಳ್ಳಗಿನ ರಿಮೋಟುಗಳಲ್ಲಿ ಇರುತ್ತದಲ್ಲ, ಬಿಲ್ಲೆಯಂಥ ಸೆಲ್ಲು, ಅದು. ಮುಂಜಾನೆ 7ಕ್ಕೆ ಬಂದಾಗ ಕೂಸಿನ ಜೊಲ್ಲಿಗೆ ಕಂದು ಬಣ್ಣ ಬಂದಿತ್ತು, ಹಾಲು ಕುಡಿಸಿದರೆ ಕೆಮ್ಮುತ್ತಿತ್ತು. ವಿಜಯಪುರದಲ್ಲಿ ಸೆಲ್ಲು ತೆಗೆಯುವ ಹೊತ್ತಿಗೆ ಅನ್ನನಾಳದ ಒಳಗೋಡೆ ಕಪ್ಪಗೆ ಸುಟ್ಟಿತ್ತು. ನಾಲ್ಕು ದಿನ ಕಳೆಯುವುದರೊಳಗೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದಿತು. ಕೂಸು ಬದುಕಿತು. ಆದರೆ ಐದು ತಿಂಗಳು ಹೊಟ್ಟೆಗೆ ಹಾಕಿದ ನಳಿಕೆಯ ಮೂಲಕವೇ ಅದಕ್ಕೆ ಆಹಾರ. ಆಮೇಲೆ ಗಾಯ ಮಾಯುತ್ತ ಅನ್ನನಾಳ ಕಿರಿದಾಗಿ, ಮತ್ತೆ ಮತ್ತೆ ಅರಿವಳಿಕೆ ಕೊಟ್ಟು ಅದನ್ನು ಹಿಗ್ಗಿಸಬೇಕಾಯಿತು.

ಜಮಖಂಡಿಯಲ್ಲಿ ನಾನು ಮಕ್ಕಳ ವೈದ್ಯನಾಗಿ ಕೂತು ಈಗ 19 ವರ್ಷ. ಇದು ನಡೆದದ್ದು ಐದನೆಯ ವರ್ಷದಲ್ಲಿ. ಆ ಫಿಲ್ಮನ್ನು ಮರುದಿನ ಸರಿಯಾದ ಬೆಳಕಿನಲ್ಲಿಟ್ಟು ನೋಡಿದೆ. ಬಿಲ್ಲೆಯ ಅಂಚಿನೊಳಗೆ ಇನ್ನೊಂದು ತೆಳು ವರ್ತುಲ ಸ್ಪಷ್ಟವಾಗಿ ಕಾಣುತ್ತಿತ್ತು. ಸೆಲ್ಲು ತಾನು ಸೆಲ್ಲೆಂದು ಹೇಳಿಕೊಂಡಿತ್ತು, ನಾನು ಓದಿರಲಿಲ್ಲ. ಪಕ್ಕದಿಂದ ಇನ್ನೊಂದು ಚಿತ್ರ ತೆಗೆಸಿದ್ದರೆ ಅನುಮಾನಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ತಾಯಿ ರೂಪಾಯಿ ಎಂದಳು, ನನ್ನ ಕಣ್ಣು ರೂಪಾಯಿಯನ್ನೇ ಕಂಡಿತು. ಆಕೆ ರೂಪಾಯಿಯನ್ನು ನುಂಗುವುದನ್ನು ನೋಡಿರಲಿಲ್ಲ, ಊಹಿಸಿದ್ದಳು. "ನೀವು ಕಣ್ಣಾರೆ ನೋಡೀರೇನು?" ಎಂದು ನಾನು ಕೇಳಲೇ ಇಲ್ಲ.

ಈಗ ನಾನು ಕೇಳುವ ಮೊದಲ ಪ್ರಶ್ನೆಯೇ ಅದು. ನೋಡಿಲ್ಲ ಎಂದರೆ, ರೂಪಾಯಿ ಎನ್ನುವ ಮಾತನ್ನು ಪಕ್ಕಕ್ಕಿಟ್ಟು, ಸೆಲ್ಲು ಎಂದೇ ಹಿಡಿದು ಮುಂದೆ ಹೋಗುತ್ತೇನೆ. ಮನೆಯಲ್ಲಿ ಉಳಿದವರಿಗೆ ಫೋನ್ ಮಾಡಿಸಿ, ರಿಮೋಟು, ಗೊಂಬೆ, ಥರ್ಮಾಮೀಟರು, ಕಾರಿನ ಕೀ, ಅಡುಗೆಮನೆಯ ಪುಟ್ಟ ತೂಕದ ಯಂತ್ರ, ಯಾವುದರ ಮುಚ್ಚಳವಾದರೂ ಬಿಚ್ಚಿದೆಯೇ ನೋಡಲು ಹೇಳುತ್ತೇನೆ. ನಮ್ಮ ಭಾಗದಲ್ಲಿ ಇನ್ನೊಂದು ಮೂಲವಿದೆ: ಜಾತ್ರೆ. ಬಾದಾಮಿಯ ಬನಶಂಕರಿ ಜಾತ್ರೆ, ವಿಜಯಪುರದ ಸಿದ್ದೇಶ್ವರ ಜಾತ್ರೆ ಮುಗಿದ ವಾರಗಳಲ್ಲಿ ಮನೆಮನೆಯಲ್ಲೂ ಮಿಣಮಿಣ ಹೊಳೆಯುವ ಉಂಗುರ, ಕೋಡು, ಬುಗುರಿ ಇರುತ್ತವೆ. ಅವುಗಳ ಹಿಂದಿನ ಮುಚ್ಚಳಕ್ಕೆ ಎಷ್ಟೋ ಸಲ ತಿರುಪೇ ಇರುವುದಿಲ್ಲ. ಉಗುರು ಹಾಕಿದರೆ ಸೆಲ್ಲು ಕೈಗೆ ಬರುತ್ತದೆ. ದೀಪಾವಳಿಗೆ ಸೆಲ್ಲಿನ ಪಣತಿ ಬಂದಿವೆ. ಅವುಗಳದ್ದೂ ಅದೇ ಕತೆ.

ಸೆಲ್ಲು ಯಾಕೆ ಸುಡುತ್ತದೆ ಎಂಬುದನ್ನು ತಂದೆತಾಯಿಗಳು ತಪ್ಪಾಗಿ ತಿಳಿದಿರುತ್ತಾರೆ. ಒಳಗಿನ ಆ್ಯಸಿಡ್ಡು ಸೋರಿ ಸುಡುತ್ತದೆ, ಸೆಲ್ಲು ಒಡೆಯದಿದ್ದರೆ ಭಯವಿಲ್ಲ ಎನ್ನುತ್ತಾರೆ. ಹಾಗಲ್ಲ. ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡಾಗ ಅದರ ಎರಡೂ ಮೈಗೆ ಒದ್ದೆ ಪೊರೆ ತಾಗುತ್ತದೆ. ಆ ಒದ್ದೆಯೇ ತಂತಿಯ ಕೆಲಸ ಮಾಡಿ ವಿದ್ಯುತ್ತು ಹರಿಯುತ್ತದೆ. ಋಣ ಧ್ರುವದ ಕಡೆ ಇರುವ ನೀರಿನಂಶ ಒಡೆದು ಕಾಸ್ಟಿಕ್ ಸೋಡಾದಂಥ ಕಟು ಕ್ಷಾರ ಅಲ್ಲೇ ಹುಟ್ಟುತ್ತದೆ. ಆ ಕ್ಷಾರ ಮಾಂಸವನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ಇದು 15 ನಿಮಿಷದಲ್ಲೇ ಶುರುವಾಗುತ್ತದೆ, 2 ತಾಸಿನಲ್ಲಿ ಆಳವಾದ ಸುಟ್ಟಗಾಯವಾಗಬಹುದು. ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರುವ ನರ್ಸುಗಳಿಗೆ ನಾನು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತೇನೆ. ಎರಡು ಹಸಿ ಕೋಳಿಮಾಂಸದ ತುಂಡುಗಳ ನಡುವೆ ಒಂದು ಸೆಲ್ಲು ಇಟ್ಟು ಮೇಜಿನ ಮೇಲೆ ಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ನೊರೆ ಏಳುತ್ತದೆ. ಊಟ ಮುಗಿಸಿ ಬಂದು ಬಿಡಿಸಿ ನೋಡಿದರೆ ಮಾಂಸ ಕಪ್ಪಾಗಿ ಗುಳಿ ಬಿದ್ದಿರುತ್ತದೆ. ಒಮ್ಮೆ ನೋಡಿದವರು ಆಮೇಲೆ "ಕೂಸು ಆಡ್ಕೋತ ಐತಿ, ಸ್ವಲ್ಪ ಕೂಡ್ರಿ" ಎಂದು ಯಾರನ್ನೂ ಹೊರಗಿನ ಬೆಂಚಿನ ಮೇಲೆ ಕಾಯಿಸಿಲ್ಲ.

ಎಲ್ಲಕ್ಕಿಂತ ಅಪಾಯದ್ದು 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಸೆಲ್ಲು. ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಹೆಚ್ಚುಕಡಿಮೆ ಒಂದು ರೂಪಾಯಿಯಷ್ಟೇ ಅಗಲ. ಸಣ್ಣ ಮಗುವಿನ ಅನ್ನನಾಳದಲ್ಲಿ ಅಡ್ಡ ನಿಲ್ಲಲು ಹೇಳಿ ಮಾಡಿಸಿದ ಅಳತೆ. "ಸರ, ಅದು ಮುಗಿದಿದ್ದ ಸೆಲ್ರಿ, ರಿಮೋಟ್ ನಡೀತಿರಲಿಲ್ಲ" ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ರಿಮೋಟು ನಡೆಸಲಾಗದ ಸೆಲ್ಲಿನಲ್ಲೂ ಕೂಸಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ಎಕ್ಸ್‌ರೇ ವಿಷಯದಲ್ಲಿ ನನ್ನ ಪದ್ಧತಿ ಈಗ ಬದಲಾಗುವುದಿಲ್ಲ. ಬಾಯಿಯಿಂದ ಗುದದ್ವಾರದ ತನಕ ಇಡೀ ದಾರಿ ಕಾಣುವಂತೆ ಮುಂದಿನಿಂದ ಒಂದು, ಕುತ್ತಿಗೆ ಮತ್ತು ಎದೆಯ ಪಕ್ಕದಿಂದ ಇನ್ನೊಂದು. ಮುಂದಿನ ಚಿತ್ರದಲ್ಲಿ ವರ್ತುಲದೊಳಗೆ ವರ್ತುಲ ಕಂಡರೆ ಸೆಲ್ಲು. ಪಕ್ಕದ ಚಿತ್ರದಲ್ಲಿ ನಾಣ್ಯ ಸಪಾಟು ಗೆರೆಯಂತೆ ಕಾಣುತ್ತದೆ, ಸೆಲ್ಲಿನ ಒಂದು ಮೈ ಮೆಟ್ಟಿಲಿನಂತೆ ಒಳಸರಿದಿರುತ್ತದೆ. ಕಿರಿದಾದ ಆ ಮೈಯೇ ಋಣ ಧ್ರುವ. ಅದು ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಗಾಯ ಹೆಚ್ಚು. ಮುಂದಕ್ಕೆ ತಿರುಗಿದ್ದರೆ ಶ್ವಾಸನಾಳದ ಚಿಂತೆ. ಇಷ್ಟನ್ನೂ ಫೋನಿನಲ್ಲೇ ಮುಂದಿನ ಆಸ್ಪತ್ರೆಗೆ ಹೇಳಿದರೆ ಅವರಿಗೆ ಹತ್ತು ನಿಮಿಷ ಉಳಿಯುತ್ತದೆ. ಡಿಜಿಟಲ್ ಎಕ್ಸ್‌ರೇ ಬಂದ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಅಂಚು ನೋಡುವುದು ಸುಲಭವಾಗಿದೆ. ಅದನ್ನು ಮೊಬೈಲಿನಲ್ಲಿ ಚಿಕ್ಕದಾಗಿ ಕಳಿಸಿ ಅಭಿಪ್ರಾಯ ಕೇಳುವವರಿಗೆ ಮಾತ್ರ ನಾನು ಉತ್ತರ ಕೊಡುವುದಿಲ್ಲ, ಮೂಲ ಚಿತ್ರ ಕಳಿಸಿ ಎನ್ನುತ್ತೇನೆ.

ಇನ್ನು ಸೆಲ್ಲು ನುಂಗಿದ ಕೂಸಿಗೆ ಜೇನು ನೆಕ್ಕಿಸುವ ವಿಷಯ. ಕೆಲವು ವರ್ಷಗಳ ಹಿಂದೆ ದೀಪಾವಳಿಯ ಮಾರನೆಯ ದಿನ, ರಾತ್ರಿ 8 ಗಂಟೆ ಹೊತ್ತಿಗೆ ಕೃಷ್ಣಾ ದಂಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ತಂದೆಯ ಧ್ವನಿ ನಡುಗುತ್ತಿತ್ತು. ಎರಡು ವರ್ಷ ಎರಡು ತಿಂಗಳ ಮಗಳು.

"ಸರ, ಪಣತಿ ಸೆಲ್ ನುಂಗ್ಯಾಳ್ರಿ."

"ಯಾರು ನೋಡ್ಯಾರ?"

"ದೊಡ್ಡ ಮಗಳು ನೋಡ್ಯಾಳ್ರಿ. ಆರು ವರ್ಷದಾಕಿ. ಬಾಯಾಗ ಇಟ್ಕೊಂಡಳು, ಕೈ ಹಾಕೂದ್ರಾಗ ನುಂಗಿದ್ಲು ಅಂತಾಳ್ರಿ."

"ಎಷ್ಟೊತ್ತಾತು?"

"ಹತ್ತು ನಿಮಿಷ ಆಗಿರಬೇಕ್ರಿ."

ಆರು ವರ್ಷದ ಹುಡುಗಿಯ ಮಾತನ್ನು ನಾನು ಪೂರ್ತಿ ನಂಬಿದೆ. ಮಕ್ಕಳು ಇಂಥದ್ದನ್ನು ನೋಡಿದ್ದೇವೆಂದರೆ ನೋಡಿರುತ್ತಾರೆ, ಬೈಸಿಕೊಳ್ಳುವ ಭಯಕ್ಕೆ ಬಾಯಿ ಬಿಡದಿರುವುದೇ ಹೆಚ್ಚು. ಬಾಯಿಗೆ ಬೆರಳು ಹಾಕಬೇಡಿ, ವಾಂತಿ ಮಾಡಿಸಬೇಡಿ, ಮನೆಯಲ್ಲಿ ಜೇನುತುಪ್ಪ ಇದೆಯೇ ಎಂದು ಕೇಳಿದೆ. ಇತ್ತು. ಎರಡು ಚಹಾ ಚಮಚ, ಅಂದರೆ 10 ಮಿಲಿಲೀಟರ್, ಈಗಲೇ ನೆಕ್ಕಿಸಿ. ಗಾಡಿ ಹತ್ತಿದ ಮೇಲೂ ಹತ್ತು ಹತ್ತು ನಿಮಿಷಕ್ಕೊಮ್ಮೆ ಅಷ್ಟೇ ಕೊಡಿ, ಒಟ್ಟು ಆರು ಸಲ ಮೀರಬೇಡಿ. ಜೇನು ಬಿಟ್ಟು ಬೇರೇನೂ ತಿನ್ನಿಸಬೇಡಿ, ಕುಡಿಸಬೇಡಿ. ನನ್ನ ಹತ್ತಿರ ಬರಬೇಡಿ, ನೇರ ವಿಜಯಪುರ. ಅಲ್ಲಿಗೆ ನಾನು ಫೋನ್ ಮಾಡುತ್ತೇನೆ ಎಂದೆ.

ನನ್ನ ಹತ್ತಿರ ಬರಬೇಡಿ ಎನ್ನುವ ಮಾತು ನನಗೆ ಸುಲಭವಾಗಿ ಬಂದದ್ದಲ್ಲ. ತಾಲೂಕು ಊರಿನಲ್ಲಿ ಕೂತ ನಮಗೆಲ್ಲ ಒಮ್ಮೆ ನೋಡಿ ಕಳಿಸುವ ಅಭ್ಯಾಸ. ನೋಡುವುದು, ಚೀಟಿ ಬರೆಯುವುದು, ಎಕ್ಸ್‌ರೇ, ಮತ್ತೆ ಗಾಡಿ. ಮುಕ್ಕಾಲು ತಾಸು ಹೋಗಿಬಿಡುತ್ತದೆ. ನನ್ನಲ್ಲಿ ಮಕ್ಕಳ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ನಳಿಕೆ ಇಳಿಸಿ ಒಳಗಿನದನ್ನು ನೋಡಿ ತೆಗೆಯುವ ವ್ಯವಸ್ಥೆ ಇಲ್ಲ. ಇಲ್ಲದ ಮೇಲೆ ನಾನು ಆ ಕೂಸಿಗೆ ಕೊಡಬಹುದಾದ ದೊಡ್ಡ ಚಿಕಿತ್ಸೆ ಎಂದರೆ ದಾರಿಯಲ್ಲಿ ಅಡ್ಡ ನಿಲ್ಲದಿರುವುದು. ಅವರು ಚಿಕ್ಕಪಡಸಲಗಿ ಸೇತುವೆ ದಾಟಿ ಹೋಗಬೇಕಿತ್ತು. ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿ, ರಾತ್ರಿಯ ರಸ್ತೆಯಲ್ಲಿ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳ ಸಾಲು. ನಾನು ಮನೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಅಲ್ಲಿ ಅರಿವಳಿಕೆ ವೈದ್ಯರು ಹೊಟ್ಟೆ ಖಾಲಿಯಾಗಲಿ ಎಂದು ಕಾಯಲಿಲ್ಲ. ಸೆಲ್ಲು ಅನ್ನನಾಳದಲ್ಲಿ ಇದ್ದಾಗ ಆರು ತಾಸಿನ ಉಪವಾಸದ ನಿಯಮ ಬದಿಗೆ ಸರಿಯಬೇಕಾಗುತ್ತದೆ, ಅದರ ಅಪಾಯಕ್ಕಿಂತ ಸೆಲ್ಲಿನ ಅಪಾಯ ದೊಡ್ಡದು. ನುಂಗಿದ ಎರಡೂಕಾಲು ತಾಸಿಗೆ ಸೆಲ್ಲು ಹೊರಗೆ ಬಂತು. ಗಾಯ ಇತ್ತು, ಆಳವಿರಲಿಲ್ಲ. ಸೆಲ್ಲು ತೆಗೆದ ಜಾಗವನ್ನು ತೀರಾ ತೆಳುವಾದ ಅಸಿಟಿಕ್ ಆಮ್ಲದಿಂದ ತೊಳೆದರು, ಉಳಿದ ಕ್ಷಾರ ತಣಿಯಲಿ ಎಂದು.

ಜೇನು ಸೆಲ್ಲನ್ನು ಹೊರಗೆ ತರುವುದಿಲ್ಲ, ಗಾಯವನ್ನು ಪೂರ್ತಿ ತಡೆಯುವುದೂ ಇಲ್ಲ. ಅದು ಸೆಲ್ಲಿನ ಸುತ್ತ ಅಂಟಿ, ತನ್ನಲ್ಲಿರುವ ಸಣ್ಣ ಹುಳಿಯಿಂದ ಕ್ಷಾರದ ಉಗ್ರತೆಯನ್ನು ಸ್ವಲ್ಪ ತಗ್ಗಿಸುತ್ತದೆ, ಗಾಯ ಆಳಕ್ಕೆ ಹೋಗುವ ವೇಗ ಕಡಿಮೆಯಾಗುತ್ತದೆ. ಒಂದು ವರ್ಷ ತುಂಬಿದ, ನುಂಗಲು ಬರುವ, ಸೆಲ್ಲು ನುಂಗಿ 12 ತಾಸು ಕಳೆಯದ ಮಕ್ಕಳಿಗೆ ಮಾತ್ರ ಅದು. ವರ್ಷದೊಳಗಿನ ಕೂಸಿಗೆ ಜೇನು ಬೇಡ, ಅದರಿಂದ ಬೊಟುಲಿಸಂ ಎಂಬ ವಿಷಬಾಧೆ ಬರಬಹುದು. ನಮ್ಮಲ್ಲಿ ಹುಟ್ಟಿದ ಕೂಡಲೇ ಜೇನು ನೆಕ್ಕಿಸುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮನೆಯಲ್ಲಿ ಜೇನು ಇಲ್ಲದಿದ್ದರೆ ಅಂಗಡಿ ಹುಡುಕುತ್ತ ನಿಲ್ಲಬೇಡಿ, ಹೊರಡಿ. ಆಸ್ಪತ್ರೆಯಲ್ಲಿ ಇದೇ ಕೆಲಸಕ್ಕೆ ಸುಕ್ರಾಲ್ಫೇಟ್ ಔಷಧ ಇರುತ್ತದೆ. ಸೆಲ್ಲು ಅನ್ನನಾಳ ದಾಟಿ ಹೊಟ್ಟೆಗೆ ಇಳಿದಿದೆ ಎಂದು ಎಕ್ಸ್‌ರೇ ಹೇಳಿದರೆ ಆ ಅವಸರ ಕಡಿಮೆಯಾಗುತ್ತದೆ. ಆದರೂ ಕೂಸು ಚಿಕ್ಕದಿದ್ದು ಸೆಲ್ಲು ದೊಡ್ಡದಿದ್ದರೆ ಮನೆಗೆ ಕಳಿಸುವ ಮೊದಲು ಎಂಡೋಸ್ಕೋಪಿ ಮಾಡುವವರ ಜೊತೆ ಮಾತಾಡಲೇಬೇಕು.

ಇಷ್ಟು ಹೆದರಿಸಿದ ಮೇಲೆ ನಾಣ್ಯದ ಬಗ್ಗೆ ಧೈರ್ಯ ಹೇಳುವುದು ನನ್ನ ಕರ್ತವ್ಯ. ಮಕ್ಕಳು ನುಂಗುವುದರಲ್ಲಿ ನಾಣ್ಯವೇ ಎಲ್ಲಕ್ಕಿಂತ ಹೆಚ್ಚು. 6 ತಿಂಗಳಿಂದ 3 ವರ್ಷದ ವಯಸ್ಸು ಎಲ್ಲವನ್ನೂ ಬಾಯಿಯಿಂದಲೇ ಪರೀಕ್ಷಿಸುವ ವಯಸ್ಸು. ನುಂಗಿದ ವಸ್ತುಗಳಲ್ಲಿ ನೂರಕ್ಕೆ 80ರಿಂದ 90 ತಾವಾಗಿಯೇ ಮಲದಲ್ಲಿ ಹೋಗುತ್ತವೆ, 10ರಿಂದ 20ಕ್ಕೆ ಎಂಡೋಸ್ಕೋಪಿ ಬೇಕಾಗುತ್ತದೆ, ಆಪರೇಷನ್ ಬೇಕಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಅನ್ನನಾಳ ಮೂರು ಕಡೆ ಕಿರಿದಾಗುತ್ತದೆ: ಗಂಟಲಿನ ಬುಡದಲ್ಲಿ, ಎದೆಯ ನಡುವೆ ಮಹಾಧಮನಿ ಹಾಯುವಲ್ಲಿ, ಜಠರದ ಬಾಗಿಲಲ್ಲಿ. ಸಿಕ್ಕುವ ನಾಣ್ಯಗಳಲ್ಲಿ ಹೆಚ್ಚಿನವು ಮೊದಲನೆಯ ಇಕ್ಕಟ್ಟಿನಲ್ಲೇ ಸಿಗುತ್ತವೆ. ನಮ್ಮ ಚಿಲ್ಲರೆಯಲ್ಲಿ 10 ರೂಪಾಯಿಯದ್ದು 27 ಮಿಲಿಮೀಟರ್, ದೊಡ್ಡ ನಾಣ್ಯ. ಅದನ್ನು ನುಂಗಿದೆ ಎಂದರೆ ನಾನು ಸ್ವಲ್ಪ ಹೆಚ್ಚೇ ಎಚ್ಚರವಾಗುತ್ತೇನೆ.

ನಾಣ್ಯವೇ ಎಂದು ಎರಡು ಕೋನದ ಚಿತ್ರದಲ್ಲಿ ಖಾತ್ರಿಯಾಗಿ, ಅದು ಅನ್ನನಾಳದಲ್ಲಿದ್ದು, ಕೂಸು ಜೊಲ್ಲು ನುಂಗಲಾಗದೆ ಒದ್ದಾಡುತ್ತಿದ್ದರೆ ಅಥವಾ ಉಸಿರಿನ ತೊಂದರೆ ಇದ್ದರೆ ಆಗಲೇ ತೆಗೆಸಬೇಕು. ಏನೂ ತೊಂದರೆ ಇಲ್ಲದಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು, 24 ತಾಸು ಮೀರದಂತೆ ಕಾಯಬಹುದು. ಅಷ್ಟರಲ್ಲಿ ನಾಲ್ಕರಲ್ಲಿ ಒಂದರಷ್ಟು ತಾವೇ ಇಳಿಯುತ್ತವೆ. ಅದಕ್ಕೇ ಅರಿವಳಿಕೆ ಕೊಡುವ ಮೊದಲು ಇನ್ನೊಂದು ಎಕ್ಸ್‌ರೇ ತೆಗೆಸಿ ಎಂದು ಪಟ್ಟು ಹಿಡಿಯುತ್ತೇನೆ. ಆಪರೇಷನ್ ಥೇಟರಿನ ಬಾಗಿಲ ತನಕ ಹೋಗಿ, ನಾಣ್ಯ ಹೊಟ್ಟೆಗೆ ಇಳಿದಿದೆ ಎಂದು ಗೊತ್ತಾಗಿ ನಗುತ್ತ ವಾಪಸು ಬಂದ ಮಕ್ಕಳು ನನ್ನಲ್ಲೇ ಇದ್ದಾರೆ. ಹೊಟ್ಟೆಗೆ ಇಳಿದ ಮೇಲೆ ಮನೆಗೆ ಕಳಿಸುತ್ತೇನೆ. ಬಹುತೇಕ ಒಂದೆರಡು ವಾರದಲ್ಲಿ ಹೋಗುತ್ತದೆ. ಹೋದದ್ದು ಕಣ್ಣಿಗೆ ಬೀಳದಿದ್ದರೆ ಎರಡು ವಾರಕ್ಕೆ ಒಂದು ಎಕ್ಸ್‌ರೇ. ನಾಲ್ಕು ವಾರವಾದರೂ ಜಠರದಲ್ಲೇ ಕೂತಿದ್ದರೆ ತೆಗೆಸುವುದು.

ಈ ಎರಡು ವಾರ ಮನೆಯ ಹಿರಿಯರ ಜೊತೆ ನನ್ನ ಮಾತುಕತೆ ಬಹಳ. ಬಾಳೆಹಣ್ಣು ಡಜನ್‌ಗಟ್ಟಲೆ ತಿನ್ನಿಸುತ್ತಾರೆ. ಔಡಲೆಣ್ಣೆ ಕುಡಿಸುತ್ತಾರೆ. ಸಾವಳಗಿ ಕಡೆಯ ಒಬ್ಬ ಅಜ್ಜಿ "ನಮ್ಮ ಕಾಲದಾಗ ಬಾಳೆಹಣ್ಣ ತಿನಿಸೇ ಕೆಳಗ ಇಳಸ್ತಿದ್ವಿ ಸಾಹೇಬ್ರ" ಎಂದರು. "ಯವ್ವಾ, ಬಾಳೆಹಣ್ಣು ತಿನ್ನಿಸದಿದ್ರೂ ಅದು ಇಳೀತಿತ್ತು" ಎಂದೆ. ಆಕೆಗೆ ಸಮಾಧಾನವಾಗಲಿಲ್ಲ, ಮರುದಿನವೂ ಕೇಳಿದರು, ಮರುದಿನವೂ ಅದನ್ನೇ ಹೇಳಿದೆ. ದಿನದ ಊಟ ಕೊಟ್ಟರೆ ಸಾಕು. ಭೇದಿಯ ಔಷಧ ಬೇಡ. ನುಂಗಿದ ಕೂಡಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ, ಮೇಲೆ ಬಂದದ್ದು ಶ್ವಾಸನಾಳಕ್ಕೆ ಇಳಿದರೆ ದೊಡ್ಡ ಅನಾಹುತ. ಕೂಸನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಜಾಡಿಸಿದ ಒಬ್ಬ ತಂದೆಯನ್ನು ನೋಡಿದ್ದೇನೆ. ಆತನ ಕೈ ಇನ್ನೂ ನಡುಗುತ್ತಿತ್ತು, ಬೈಯಲು ನನಗೆ ಮನಸ್ಸಾಗಲಿಲ್ಲ. ಹೊಟ್ಟೆ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಹೊತ್ತು ನೋಡದೆ ಬನ್ನಿ ಎಂದು ಚೀಟಿಯ ಹಿಂದೆ ಕನ್ನಡದಲ್ಲೇ ಬರೆದು ಕೊಡುತ್ತೇನೆ.

ಯಾರೂ ನೋಡದಿದ್ದಾಗಿನ ಕಷ್ಟ ಬೇರೆ. ಹದಿನಾಲ್ಕು ತಿಂಗಳ ಒಂದು ಹೆಣ್ಣುಕೂಸು ಮೂರು ವಾರದಿಂದ ಕೆಮ್ಮುತ್ತಿತ್ತು. ಮೊದಲು ಬೇರೆ ಕಡೆ ಎರಡು ಸಲ ಔಷಧ ಆಗಿತ್ತು, ಮೂರನೆಯ ಸಲದ್ದು ನನ್ನದೇ. ಎದೆಯಲ್ಲಿ ಸದ್ದು ಇತ್ತು, ನೆಬುಲೈಸರ್ ಕೊಟ್ಟು ಕಳಿಸಿದೆ. ನಾಲ್ಕನೆಯ ಸಲ ಬಂದಾಗ ತಾಯಿ ಹೋಗುವ ಮುಂಚೆ ಬಾಗಿಲ ಹತ್ತಿರ ನಿಂತು, "ಸರ, ಮೊದಲು ಹಾಲಿನ್ಯಾಗ ರೊಟ್ಟಿ ಕಲಸಿ ಕೊಟ್ರ ತಿಂತಿದ್ಲು. ಈಗ ಬರೀ ಹಾಲು ಕುಡೀತಾಳ, ರೊಟ್ಟಿ ತುಣುಕು ಬಾಯಾಗಿಟ್ರ ಉಗುಳಿ ಬಿಡ್ತಾಳ" ಎಂದಳು. ಆ ಒಂದು ಮಾತಿಗೆ ಕೂಸನ್ನು ವಾಪಸು ಕರೆಸಿ ಎಕ್ಸ್‌ರೇ ಮಾಡಿಸಿದೆ. ಅನ್ನನಾಳದ ಮೇಲ್ತುದಿಯಲ್ಲಿ ಕಾಲ್ಗೆಜ್ಜೆಯ ಒಂದು ಗೆಜ್ಜೆ. ಅದು ಕೂತು ಕೂತು ಸುತ್ತ ಬಾವು ಬಂದು ಮುಂದಿನ ಶ್ವಾಸನಾಳವನ್ನು ಒತ್ತುತ್ತಿತ್ತು, ಕೆಮ್ಮು ಅದರದ್ದು. ತೆಗೆದ ಎರಡು ದಿನಕ್ಕೆ ಕೆಮ್ಮು ನಿಂತಿತು. ಆವತ್ತಿನಿಂದ ಹೋಗದ ಕೆಮ್ಮಿನ ಪ್ರತಿ ಕೂಸಿನ ತಾಯಿಗೂ ಗಟ್ಟಿ ಆಹಾರ ಹೇಗೆ ತಿನ್ನುತ್ತದೆ ಎಂದು ಕೇಳುತ್ತೇನೆ. ಇದ್ದಕ್ಕಿದ್ದಂತೆ ಜೊಲ್ಲು ಹೆಚ್ಚಾಗುವುದು, ನುಂಗುವಾಗ ಮುಖ ಕಿವುಚುವುದು, ಗಟ್ಟಿಯದನ್ನು ಒಲ್ಲೆನ್ನುವುದು, ಕುತ್ತಿಗೆ ಒಂದೇ ಕಡೆ ಹಿಡಿದುಕೊಳ್ಳುವುದು, ಧ್ವನಿ ಒಡೆಯುವುದು, ಇವು ಮಾತು ಬಾರದ ಕೂಸಿನ ಮಾತು. ಏನೂ ಲಕ್ಷಣವಿಲ್ಲದೆ ಆಡಿಕೊಂಡಿರುವ ಮಕ್ಕಳೂ ಬಹಳ. ಪ್ಲಾಸ್ಟಿಕ್ಕು, ಕಟ್ಟಿಗೆ, ತೆಳುವಾದ ಮೀನಿನ ಮುಳ್ಳು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು ಎಂಬುದೂ ಗೊತ್ತಿರಲಿ.

ಪಿನ್ನುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಒಂದು ಬಿನ್ನಹ ಇದೆ. ನಮ್ಮ ಹೆಣ್ಣುಮಕ್ಕಳು ಬೇಕಾದಾಗ ಸಿಗಲಿ ಎಂದು ಬಳೆಗೆ, ತಾಳಿಗೆ ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಎದೆಹಾಲು ಕುಡಿಯುವ ಕೂಸಿನ ಕೈ ಮೊದಲು ಹೋಗುವುದೇ ಅಲ್ಲಿಗೆ. ಬಾಯಿ ತೆರೆದ ಪಿನ್ನು ಅನ್ನನಾಳದಲ್ಲಿದ್ದರೆ ತಡ ಮಾಡುವ ಹಾಗಿಲ್ಲ. ಆಯಸ್ಕಾಂತದ ಮಣಿಗಳು ನಮ್ಮ ಊರಿಗೆ ತಡವಾಗಿ ಬಂದವು, ಆದರೆ ಬಂದಿವೆ. ಒಂದೇ ಆದರೆ ನಾಣ್ಯದ ಹಾಗೆ ಹೊರಗೆ ಹೋಗಬಹುದು. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೆ ಈಚೆ ನಿಂತು ಒಂದನ್ನೊಂದು ಎಳೆದುಕೊಂಡು, ನಡುವಿನ ಕರುಳಿಗೆ ರಕ್ತ ಹೋಗದೆ ತೂತು ಬೀಳುತ್ತದೆ. ಹೊಟ್ಟೆನೋವು ಶುರುವಾಗುವ ತನಕ ಕಾಯುವುದು ಇಲ್ಲಿ ತಪ್ಪು.

ಶೇಂಗಾ ಬೇರೆಯೇ ದಾರಿ ಹಿಡಿಯುತ್ತದೆ, ಅದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಹೋಗುವ ವಸ್ತು. ಆದರೂ ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಶೇಂಗಾ ಬಿಟ್ಟು ಈ ವಿಷಯ ಬರೆದರೆ ಅಪೂರ್ಣ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಹುರಿದ ಶೇಂಗಾ ಬಾಯಲ್ಲಿಟ್ಟುಕೊಂಡು ಓಡುತ್ತಿದ್ದ ಎರಡೂವರೆ ವರ್ಷದ ಹುಡುಗ ಬಿದ್ದ. ಒಮ್ಮೆಲೇ ಕೆಮ್ಮು, ಮುಖ ಕೆಂಪಾಯಿತು. ಎರಡು ನಿಮಿಷಕ್ಕೆ ಎಲ್ಲ ಶಾಂತ. ನೀರು ಕುಡಿಸಿದರು, ಮರೆತರು. ಹತ್ತು ದಿನಕ್ಕೆ ಜ್ವರ, ಕೆಮ್ಮು, ಬಲ ಎದೆಯಲ್ಲಿ ಗಾಳಿಯ ಸದ್ದು ಕಡಿಮೆ. ಎಕ್ಸ್‌ರೇ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ಯಾಕೆಂದರೆ ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. "ಯಾವಾಗರ ಒಮ್ಮೆಲೇ ಠಸಕಿ ಹತ್ತಿತ್ತೇನು?" ಎಂದು ಕೇಳಿದಾಗ ಅಜ್ಜನಿಗೆ ಹೊಲದ ಘಟನೆ ನೆನಪಾಯಿತು. ಬೆಳಗಾವಿಯಲ್ಲಿ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ನಳಿಕೆ ಇಳಿಸಿ, ಉಬ್ಬಿದ ಅರ್ಧ ಬೇಳೆ ತೆಗೆದರು. ನಾಲ್ಕು ವರ್ಷ ತುಂಬುವ ತನಕ ಇಡಿ ಶೇಂಗಾ, ಪುಟಾಣಿ, ಹುಣಸೆಬೀಜ ಮಕ್ಕಳ ಕೈಗೆ ಬೇಡ. ಶೇಂಗಾ ಹಿಂಡಿ (ಚಟ್ನಿಪುಡಿ) ಕೊಡಿ, ಹೋಳಿಗೆ ಕೊಡಿ.

ಗಂಟಲಿಗೆ ಅಡರಿದ ಕೂಸು ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ, ಅದೇ ಅದರ ಔಷಧ. ಧ್ವನಿ ನಿಂತು, ಉಸಿರಾಡಲಾಗದೆ, ತುಟಿ ನೀಲಿಯಾದರೆ ಮಾತ್ರ ಕೈ ಹಾಕಬೇಕು. ವರ್ಷದೊಳಗಿನದಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ, ಎರಡು ರೆಕ್ಕೆಯೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ತಟ್ಟಿ, ಅಂಗಾತ ಮಾಡಿ ಎದೆಯ ನಡುವಿನ ಎಲುಬಿನ ಕೆಳಭಾಗವನ್ನು 5 ಸಲ ಒತ್ತಿ. ವರ್ಷ ದಾಟಿದ್ದರೆ ಬಗ್ಗಿಸಿ ಬೆನ್ನಿಗೆ 5 ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ವಸ್ತು ಹೊರಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕೂಸು ಪ್ರಜ್ಞೆ ತಪ್ಪಿದರೆ ಎದೆ ಒತ್ತುವ ಸಿಪಿಆರ್ ಶುರು ಮಾಡಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಪಣತಿಯ ಸೆಲ್ಲು ನುಂಗಿದ ಹುಡುಗಿಯ ಕತೆ ಸೆಲ್ಲು ತೆಗೆದ ರಾತ್ರಿಗೆ ಮುಗಿಯಲಿಲ್ಲ. ಸೆಲ್ಲು ಹೊರಗೆ ಬಂದ ಮೇಲೂ ಕ್ಷಾರ ತಾಗಿದ ಮಾಂಸ ಎಷ್ಟೋ ದಿನ ಒಳಗೊಳಗೇ ಸವೆಯುತ್ತಿರುತ್ತದೆ. ಮಹಾಧಮನಿಯ ಪಕ್ಕ ಗಾಯವಿದ್ದರೆ ಎರಡು ಮೂರು ವಾರ ಕಳೆದ ಮೇಲೂ ಒಮ್ಮೆಲೇ ರಕ್ತಸ್ರಾವ ಆಗಬಹುದು. ಅದಕ್ಕೆ ಮೊದಲು ಕೆಲವೊಮ್ಮೆ ಸ್ವಲ್ಪವೇ ರಕ್ತವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಬರುತ್ತದೆ. ಇದನ್ನು ಆ ತಂದೆತಾಯಿಗಳಿಗೆ ಹೇಳುವುದು ಹೇಗೆಂದು ಬಹಳ ಯೋಚಿಸಿದೆ. ಹೇಳದೆ ಇರುವುದು ಸಾಧ್ಯವಿರಲಿಲ್ಲ. ಒಂದು ಚಮಚ ರಕ್ತ ಕಂಡರೂ ಅದನ್ನು ಮೂಗಿನ ರಕ್ತ ಎಂದುಕೊಳ್ಳಬೇಡಿ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೊರಡಿ ಎಂದೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಒಂದು ತಿಂಗಳು ಊರಿಗೆ ಹೋಗದೆ ಜಮಖಂಡಿಯಲ್ಲೇ ತಮ್ಮ ನೆಂಟರ ಮನೆಯಲ್ಲಿದ್ದರು. ಎರಡು ದಿನಕ್ಕೊಮ್ಮೆ ನಾನು ನೋಡುತ್ತಿದ್ದೆ. ಆರು ವರ್ಷದ ಅಕ್ಕ ಪ್ರತಿ ಸಲ ಜೊತೆಗೆ ಬರುತ್ತಿದ್ದಳು, ತಂಗಿಯ ಬಾಯಿ ನಾನು ಟಾರ್ಚು ಹಾಕಿ ನೋಡುವಾಗ ತಾನೂ ಬಗ್ಗಿ ನೋಡುತ್ತಿದ್ದಳು.

ಐದನೆಯ ವಾರ ಬಣ್ಣದ ಔಷಧ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳ ಎಲ್ಲಿಯೂ ಸೋರಿರಲಿಲ್ಲ, ಕಿರಿದೂ ಆಗಿರಲಿಲ್ಲ. ಚಿತ್ರವನ್ನು ಮೂರು ಸಲ ನೋಡಿದೆ, ಪಕ್ಕದ್ದನ್ನೂ ನೋಡಿದೆ.

"ರೊಟ್ಟಿ ಕೊಡಬಹುದೇನ್ರಿ ಸರ?" ತಾಯಿ ಕೇಳಿದಳು.

"ಹಾಲಿನ್ಯಾಗ ಚಲೋತ್ನ್ಯಾಗ ನೆನಸಿ ಕೊಡ್ರಿ. ಇನ್ನೆರಡು ವಾರ ಹಂಗ ಇರಲಿ" ಎಂದೆ.